ಎರಡು ಗಂಟಿನ ಮೂಟೆ

ನಮ್ಮ ಲಾಂಡ್ರಿಯಲ್ಲಿ ಒಂದು ಕಾಯಿದೆ ಇದೆ. ಮಾಡಿದವರು ನಮ್ಮತ್ತೆ. ಬಟ್ಟೆಯ ಮೂಟೆಗೆ ಒಂದು ಗಂಟಿದ್ದರೆ ಜೇಬು ನೋಡಿಲ್ಲ ಎಂದರ್ಥ, ಎರಡು ಗಂಟಿದ್ದರೆ ನೋಡಿಯಾಗಿದೆ ಎಂದರ್ಥ. ಎರಡು ಗಂಟು ಬಿದ್ದ ಮೇಲೆ ಯಾರಪ್ಪ ಬಂದು ಹೇಳಿದರೂ ಮತ್ತೆ ಜೇಬಿಗೆ ಕೈ ಹಾಕುವಂತಿಲ್ಲ, ಬಿಚ್ಚಿ ನೇರ ಮಷೀನಿಗೆ ಸುರಿಯಬೇಕು. "ಒಂದೇ ಜೇಬನ್ನ ಮೂರು ಮೂರು ಸಲ ತಡಕ್ತಾ ಕೂತ್ರೆ ಬಟ್ಟೆ ಒಗೆಯೋದು ಯಾವಾಗ?" ಎನ್ನುವುದು ಅವರ ವಾದ.

ಈ ಕಾಯಿದೆಯಿಂದ ಊರಿನಲ್ಲಿ ಎಷ್ಟೋ ಜನರ ಮಾನ ಉಳಿದಿದೆ. ಬೀಗದ ಕೈ, ಕನ್ನಡಕ, ಒಬ್ಬರ ಹಲ್ಲಿನ ಸೆಟ್ಟು, ಎಲ್ಲ ಜೋಪಾನವಾಗಿ ಅವರವರ ಕೈ ಸೇರಿವೆ. ಒಮ್ಮೆ ಒಬ್ಬ ದೊಡ್ಡ ಮನುಷ್ಯರ ಕೋಟಿನಲ್ಲಿ ಒಂಟಿ ಕಿವಿಯೋಲೆ ಸಿಕ್ಕಿತು. ಅತ್ತೆ ಅದನ್ನು ಅವರ ಹೆಂಡತಿ ಪಕ್ಕದಲ್ಲಿಲ್ಲದ ಹೊತ್ತು ನೋಡಿ, ಅವರ ಅಂಗೈಯಲ್ಲಿಟ್ಟರು. ಅತ್ತೆ ನೋಡಿದ ನೋಟಕ್ಕೆ ಆ ಮನುಷ್ಯ ಬಹಳ ದಿನ ನಮ್ಮ ಬೀದಿಗೇ ಬರಲಿಲ್ಲ.

ಇಂಥ ಲಾಂಡ್ರಿಯ ಯಜಮಾನರ ಡ್ರೈವಿಂಗ್ ಲೈಸೆನ್ಸು ನಮ್ಮದೇ ಮಷೀನಿನಲ್ಲಿ ಒಗೆದುಹೋಯಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಒಗೆದದ್ದು ನಾನೇ. ಆದರೆ ತಪ್ಪು ನನ್ನದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವತ್ತು ವಾರದ ರಜೆ. ರಜೆಯ ದಿನ ನಾವು ಮನೆಯ ಬಟ್ಟೆ ಒಗೆದುಕೊಳ್ಳುತ್ತೇವೆ. ನಮ್ಮವರು ತಮ್ಮ ಪ್ಯಾಂಟು, ಅಂಗಿ, ಟವೆಲುಗಳನ್ನೆಲ್ಲ ಒಂದು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ, ಮಹಡಿಯಿಂದ ಇಳಿಸಿ ಮಷೀನಿನ ಮುಂದೆ ಹಾಕಿ ಟೀ ಕುಡಿಯಲು ಹೋದರು. ನೋಡಿದರೆ ಎರಡು ಗಂಟು. ನಾನು ಕಾಯಿದೆ ಪ್ರಕಾರ ಬಿಚ್ಚಿ ಸುರಿದೆ, ಬಿಸಿನೀರು ಬಿಟ್ಟೆ, ಸೋಡಾ ಹಾಕಿದೆ. ನಮ್ಮವರದು ವರ್ಷಗಟ್ಟಲೆ ದಿನಾ ಎರಡೆರಡು ಗಂಟು ಬಿಗಿದ ಕೈ. ಅವರು ಏನೋ ಯೋಚಿಸುತ್ತಿದ್ದಾಗ ಎರಡನೆಯದನ್ನೂ ತಾನಾಗಿ ಬಿಗಿದುಬಿಟ್ಟಿತ್ತು. ಜೇಬನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಬಟ್ಟೆ ಹೊರಗೆ ತೆಗೆದಾಗ ಎಲ್ಲದರ ಮೇಲೂ ಬಿಳಿ ಚೂರುಗಳು. ಪ್ಯಾಂಟಿನ ಜೇಬಿನಲ್ಲಿ ನೆನೆದ ಕಾಗದದ ಮುದ್ದೆ. ಅದು ಹಳೆಯ ಕಾಲದ ಕಾಗದದ ಲೈಸೆನ್ಸು, ಮೇಲಿನ ಪ್ಲಾಸ್ಟಿಕ್ ಕವರು ಎಂದೋ ಅಂಚು ಬಿಟ್ಟುಕೊಂಡಿತ್ತು. ಆ ಪ್ಲಾಸ್ಟಿಕ್ಕಿನ ಒಂದು ತುಂಡಿಗೆ ಅಂಟಿಕೊಂಡು ನಮ್ಮವರ ಎಡಗಿವಿ ಉಳಿದಿತ್ತು. ಫೋಟೋದಲ್ಲಿ ಬದುಕಿದ್ದು ಅದೊಂದೇ.

"ರೀ, ಇಲ್ಲಿ ಬನ್ನಿ. ನಿಮ್ಮ ಕಿವಿ ಸಿಕ್ಕಿದೆ," ಎಂದು ಕೂಗಿದೆ.

ಅವರು ಟೀ ಲೋಟ ಹಿಡಿದುಕೊಂಡೇ ಬಂದರು. ನನ್ನ ಅಂಗೈ ನೋಡಿ ಲೋಟ ಕೆಳಗಿಟ್ಟರು. "ಅಯ್ಯೋ! ಇದನ್ನ ಮಷೀನಿಗೆ ಹಾಕಿದ್ಯಾರು?"

"ಎರಡು ಗಂಟು ಹಾಕಿದ್ಯಾರು?"

"ಹಾಕಿದ್ರೆ ಏನಂತೆ? ನಮ್ಮನೆ ಬಟ್ಟೆ ಅಂತ ಕಾಣಿಸ್ಲಿಲ್ವಾ?"

"ನಮ್ಮನೆ ಬಟ್ಟೆಗೆ ಬೇರೆ ಕಾಯಿದೆ ಇದ್ಯಾ? ಅತ್ತೆ, ನೀವೇ ಹೇಳಿ, ಇದ್ಯಾ?"

ಅತ್ತೆ ಇಸ್ತ್ರಿ ಮೇಜಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಯಿದೆ ಮಾಡಿದವರೇ ಅವರು, ಮಗನ ಪರ ಮಾತಾಡುವ ಹಾಗಿಲ್ಲ. "ಇಲ್ಲಮ್ಮ, ಇಲ್ಲ," ಎಂದರು. ಹೇಳುತ್ತಾ ಹೇಳುತ್ತಾ ಬಾಯಿಗೆ ಸೆರಗು ಅಡ್ಡ ಹಿಡಿದರು, ಆದರೂ ನಗು ತಡೆಯಲಾಗಲಿಲ್ಲ. ಅವರನ್ನು ನೋಡಿ ನನಗೂ ನಗು ಬಂತು. ನಮ್ಮವರು ಸ್ವಲ್ಪ ಹೊತ್ತು ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದು, ಕೊನೆಗೆ ಆ ಕಿವಿಯನ್ನು ಬೆಳಕಿಗೆ ಹಿಡಿದು ನೋಡಿ ತಾವೂ ನಕ್ಕರು.

ನಕ್ಕು ಮುಗಿದ ಮೇಲೆ ಚಿಂತೆ ಹತ್ತಿತು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹಾಸಿಗೆ ಬಟ್ಟೆ ಹೋಗಲೇಬೇಕು. ಲೈಸೆನ್ಸಿಲ್ಲದೆ ಗಾಡಿ ತೆಗೆಯುವ ಹಾಗಿಲ್ಲ, ಸೇತುವೆಯ ಹತ್ತಿರ ಪೊಲೀಸರು ದಿನಾ ನಿಲ್ಲಿಸಿ ಕೇಳುತ್ತಾರೆ.

"ಈ ಮನೇಲಿ ಇನ್ನೊಂದು ಲೈಸೆನ್ಸ್ ಇದೆಯಲ್ಲೋ," ಎಂದರು ಅತ್ತೆ.

ಇತ್ತು. ನನ್ನದು. ಮದುವೆಗೆ ಮೊದಲು ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೇಜು ಕುರ್ಚಿ ಸಾಗಿಸುವ ಗಾಡಿ ಇಟ್ಟಿದ್ದರು. ಅದರಲ್ಲೇ ನಾನು ಕಲಿತದ್ದು, ಅದರಲ್ಲೇ ಪರೀಕ್ಷೆ ಕೊಟ್ಟು ಪಾಸಾದದ್ದು. ಈ ಮನೆಗೆ ಬಂದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ನಮ್ಮ ವ್ಯಾನಿಗೆ ನಮ್ಮವರು 'ಗೂಳಿ' ಎಂದು ಹೆಸರಿಟ್ಟಿದ್ದರು. ನಾನು ಕೇಳಿದಾಗಲೆಲ್ಲ, "ಅದು ನನ್ನ ಕೈ ಬಿಟ್ಟು ಬೇರೆಯವರ ಮಾತು ಕೇಳಲ್ಲ ಕಣೆ," ಎನ್ನುತ್ತಿದ್ದರು. ನಾನೂ ಕೇಳುವುದನ್ನು ಬಿಟ್ಟೆ. ಆದರೆ ಅವಧಿ ಮುಗಿಯುವ ಮುಂಚೆ ಹೋಗಿ ಲೈಸೆನ್ಸು ನವೀಕರಿಸಿಕೊಂಡು ಬಂದು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಡುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಸಿಟ್ಟು ಬರುತ್ತಿತ್ತು. ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗೂಳಿಯ ಮೇಲೆ ಕೂತೆ. ಅದರ ಬಾಗಿಲು ಭಾರ, ಸುಲಭವಾಗಿ ಕೂರುವುದಿಲ್ಲ. ನಮ್ಮವರೇ ಹೊರಗಿನಿಂದ ಬಡಿದು ಹಾಕಿದರು. "ಎರಡನೇ ಗೇರು ಸ್ವಲ್ಪ ಸತಾಯಿಸುತ್ತೆ. ಬಲವಂತ ಮಾಡ್ಬೇಡ. ಇಳಿಜಾರಲ್ಲಿ ಹುಷಾರು. ಹಿಂದಕ್ಕೆ ತಗೊಳ್ವಾಗ ಯಾರಿಗಾದ್ರೂ ನೋಡೋಕೆ ಹೇಳು," ಎಂದು ಕಿಟಕಿ ಹಿಡಿದುಕೊಂಡು ಹೇಳುತ್ತಲೇ ಇದ್ದರು. ಗಾಡಿ ಹೊರಟ ಮೇಲೆ ಕನ್ನಡಿಯಲ್ಲಿ ನೋಡಿದೆ. ನಾನು ತಿರುವು ದಾಟುವವರೆಗೂ ರಸ್ತೆ ಮಧ್ಯದಲ್ಲಿ ಹಾಗೇ ನಿಂತಿದ್ದರು.

ಎರಡನೇ ಗೇರು ಸತಾಯಿಸಿತು. ನಾನೂ ಅದನ್ನು ಸತಾಯಿಸಿದೆ. ಸೇತುವೆ ದಾಟುವಷ್ಟರಲ್ಲಿ ಇಬ್ಬರಿಗೂ ರಾಜಿಯಾಗಿತ್ತು. ಆಸ್ಪತ್ರೆಯ ಹಿಂಬಾಗಿಲಿನ ಇಳಿಜಾರಿನಲ್ಲಿ ಹಿಂದಕ್ಕೆ ತೆಗೆದುಕೊಂಡು ಸರಿಯಾಗಿ ಕಟ್ಟೆಗೆ ತಾಗಿಸಿ ನಿಲ್ಲಿಸಿದೆ, ಯಾರಿಗೂ ನೋಡಲು ಹೇಳಲಿಲ್ಲ. ಉಗ್ರಾಣದ ಹೆಂಗಸು ಹೊರಗೆ ಬಂದು, "ಇವತ್ತು ನೀವಾ? ನಿಮ್ಮೆಜಮಾನ್ರು ನಿಲ್ಲಿಸಿದ್ರೆ ಒಂದು ಮೊಳ ಜಾಗ ಬಿಟ್ಟು ನಿಲ್ಲಿಸ್ತಾರೆ, ನಾವು ಮೂಟೆ ಎಸೆದು ಹಿಡ್ಕೋಬೇಕು," ಎಂದಳು. ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆದರೆ ಒಳಗಿನಿಂದಲೇ ಕೂರುತ್ತದೆ ಎನ್ನುವುದೂ ಅಲ್ಲೇ ಗೊತ್ತಾಯಿತು.

ವಾಪಸ್ ಬರುವಾಗ ನನಗೆ ಖುಷಿಯಾಗಿತ್ತು. ಸುತ್ತಿ ಬಳಸಿ ಹೇಳುವುದೇಕೆ, ಬಹಳ ಖುಷಿಯಾಗಿತ್ತು. ನದಿಯ ಮೇಲೆ ಬಿಸಿಲು ಬಿದ್ದಿತ್ತು, ಶಾಲೆಯ ಗೇಟಿನ ಮುಂದೆ ಮಕ್ಕಳು ದಾಟಲಿ ಎಂದು ನಿಲ್ಲಿಸಿದೆ, ಪೇಪರ್ ಮಾರುವವನು ವ್ಯಾನಿನ ಗುರುತು ಹಿಡಿದು ಕೈ ಎತ್ತಿದ, ಒಳಗೆ ನನ್ನನ್ನು ಕಂಡು ಎತ್ತಿದ ಕೈ ಹಾಗೇ ನಿಂತಿತು. ನಾನು ಹಾರ್ನ್ ಹೊಡೆದೆ. ಇಷ್ಟು ವರ್ಷ ಈ ಊರಿನಲ್ಲಿ ಇದ್ದೂ ನಾನು ನೋಡಿದ್ದು ಇಸ್ತ್ರಿ ಮೇಜಿನ ಮುಂದಿನ ಕಿಟಕಿಯಷ್ಟೇ ಊರು.

ಅಂಗಡಿಗೆ ಬಂದು ಇಳಿದಾಗ ಮುಖದ ಮೇಲೆ ಅದೆಲ್ಲ ಇದ್ದಿರಬೇಕು. "ಏನಮ್ಮಾ, ಬಹಳ ಖುಷಿಯಾಗಿದ್ದ ಹಾಗಿದೆ?" ಎಂದರು ಅತ್ತೆ. ನಮ್ಮವರು ಆಗಷ್ಟೇ ಯಾರದೋ ಕಾಲರನ್ನು ಸುಟ್ಟು, ಬೆರಳನ್ನೂ ಸುಟ್ಟುಕೊಂಡು ಬಾಯಲ್ಲಿಟ್ಟುಕೊಂಡಿದ್ದರು. ಆ ಸ್ಥಿತಿಯಲ್ಲಿರುವ ಮನುಷ್ಯನ ಮುಂದೆ ಅವರ ಗೂಳಿಯ ಮೇಲೆ ಮೆರೆದು ಬಂದೆ ಎಂದು ಹೇಳಲು ನಾಲಿಗೆ ಬರಲಿಲ್ಲ.

"ಖುಷಿ ಎಲ್ಲಿಂದ ಬಂತು ಅತ್ತೆ? ಸೊಂಟ ಬಿದ್ದುಹೋಗಿದೆ," ಎಂದೆ.

ಅದೇ ದಿನ ಮಧ್ಯಾಹ್ನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೈಸೆನ್ಸ್ ಕಚೇರಿಗೆ ಹೋದೆ. ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತುತ್ತಾ ಬಂದರು. ಕಚೇರಿಯ ಗುಮಾಸ್ತರು, "ಹಾಳಾಗಿದ್ರೆ ಹಳೇದನ್ನ ಒಪ್ಪಿಸ್ಬೇಕು," ಎಂದರು. ನಮ್ಮವರು ಒಣಗಿದ ಮುದ್ದೆಯ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು.

"ಇದೇನ್ರೀ ಇದು, ಹತ್ತಿನಾ?"

"ಲೈಸೆನ್ಸು ಸಾರ್."

"ಇದ್ರಲ್ಲಿ ನಂಬರ್ ಎಲ್ಲಿದೆ?"

"ನಂಬರ್ ಇಲ್ಲ ಸಾರ್. ಕಿವಿ ಇದೆ."

ಗುಮಾಸ್ತರು ಒಳ್ಳೆಯವರು. ಕಿವಿಯ ತುಂಡನ್ನು ನೋಡಿದರು, ನಮ್ಮವರ ಕಿವಿಯನ್ನೂ ನೋಡಿದರು, ಹೋಲುತ್ತದೆ ಎಂದು ಒಪ್ಪಿಕೊಂಡರು. "ಆದ್ರೆ ಕಿವಿ ನೋಡಿ ಲೈಸೆನ್ಸ್ ಕೊಡೋಕಾಗಲ್ಲ. ನಂಬರ್ ಕಾಣಿಸ್ಲಿಲ್ಲ ಅಂದ್ರೆ ಅದು ಹಾಳಾಗಿದ್ದಲ್ಲ, ಕಳೆದುಹೋಗಿದ್ದು ಅಂತಾನೇ ಲೆಕ್ಕ. ಪೊಲೀಸ್ ಸ್ಟೇಷನ್‌ಗೆ ಹೋಗಿ ಹಾಗಂತ ಬರೆಸ್ಕೊಂಡು ಬನ್ನಿ."

ಸ್ಟೇಷನ್ನಿನಲ್ಲಿ ಪೇದೆ ಪೆನ್ನು ತೆಗೆದು, "ಎಲ್ಲಿ ಕಳೀತು?" ಎಂದ. ನಮ್ಮವರು ಸತ್ಯಸಂಧರು. "ಕಳೆದಿಲ್ಲ ಸಾರ್, ಇಲ್ಲೇ ಇದೆ," ಎಂದು ಪೊಟ್ಟಣ ತೋರಿಸಿದರು. ಪೇದೆ ಪೆನ್ನು ಕೆಳಗಿಟ್ಟ. "ಕೈಯಲ್ಲಿ ಇಟ್ಕೊಂಡು ಕಳೆದಿದೆ ಅಂತೀರಲ್ಲ, ನಾಳೆ ನನ್ನ ತಲೆಗೆ ಬರುತ್ತೆ. ಇದು ಹಾಳಾಗಿದ್ದು. ಅಲ್ಲಿಗೇ ಹೋಗಿ." ಮತ್ತೆ ಅಲ್ಲಿಗೆ ಹೋದೆವು. ಗುಮಾಸ್ತರು ಮತ್ತೆ ಇಲ್ಲಿಗೇ ಕಳಿಸಿದರು. ಅವರ ನಿಯಮ ಅವರಿಗೆ, ಇವನ ನಿಯಮ ಇವನಿಗೆ, ಮಧ್ಯದಲ್ಲಿ ನಮ್ಮವರ ಕಿವಿ.

ಎರಡನೇ ಸಲ ಪೇದೆ ಅದೇ ಮಾತು ಶುರುಮಾಡಿದಾಗ ನನ್ನ ತಾಳ್ಮೆ ಕೆಟ್ಟಿತು. ನಮ್ಮವರ ಕೈಯಿಂದ ಪೊಟ್ಟಣ ಕಿತ್ತುಕೊಂಡು, ಮೂಲೆಯ ಕಸದ ಬುಟ್ಟಿಗೆ ಕೊಡವಿ ಬಂದೆ.

"ನೋಡಿ, ಈಗ ಕಳೀತು. ನಿಮ್ಮ ಕಣ್ಣೆದುರಿಗೇ ಕಳೀತು. ಬರೀರಿ."

ಪೇದೆ ಬುಟ್ಟಿ ನೋಡಿದ, ನನ್ನನ್ನು ನೋಡಿದ, ಆಮೇಲೆ ಮೀಸೆಯೊಳಗೆ ನಗುತ್ತಾ ಪೆನ್ನು ಎತ್ತಿಕೊಂಡ. "ಮೇಡಂ ಏನು ಕೆಲಸ ಮಾಡ್ತಾರೆ?" ಎಂದು ನಮ್ಮವರನ್ನು ಕೇಳಿದ.

"ಗಾಡಿ ಓಡಿಸ್ತಾಳೆ," ಎಂದರು ನಮ್ಮವರು.

ಅವರು ಅದನ್ನು ತೀರಾ ಸಹಜವಾಗಿ ಹೇಳಿದರು. ನನಗೆ ಮಾತ್ರ ಎದೆ ತುಂಬಿ ಬಂತು. ಆ ಕ್ಷಣದಲ್ಲೇ ಗೊತ್ತಾಯಿತು, ನನಗೆ ಈ ಕೆಲಸ ಬಿಟ್ಟುಕೊಡಲು ಮನಸ್ಸಿಲ್ಲ ಎಂದು. ಲೈಸೆನ್ಸು ಬಂದ ದಿನ ಬೀಗದ ಕೈ ಅವರ ಕೈಗೆ, ನಾನು ಮತ್ತೆ ಕಿಟಕಿಗೆ. ಆ ದಿನ ಬಾರದಿರಲಿ ಎಂದು ಆಸೆಪಡುವುದು ತಪ್ಪೋ ಸರಿಯೋ ನನಗೆ ಗೊತ್ತಿಲ್ಲ, ಆಸೆಪಟ್ಟದ್ದಂತೂ ನಿಜ.

ಕಚೇರಿಯಲ್ಲಿ ಹೊಸ ಫೋಟೋ ತೆಗೆದರು. "ಈಗ ಪ್ಲಾಸ್ಟಿಕ್ ಕಾರ್ಡು, ಅಂಚೇಲಿ ಬರುತ್ತೆ. ಇನ್ಮೇಲೆ ಕುದಿಸಿದ್ರೂ ಏನೂ ಆಗಲ್ಲ," ಎಂದು ಗುಮಾಸ್ತರು ನನ್ನನ್ನು ನೋಡಿ ಹೇಳಿದರು. ನಮ್ಮವರು ಫೋಟೋಗೆ ತಲೆ ಸರಿಯಾಗಿ ಬಾಚಿದೆಯೇ ಎಂಬ ಚಿಂತೆಯಲ್ಲಿದ್ದರು.

ಆಮೇಲಿನ ದಿನಗಳು ಚೆನ್ನಾಗಿದ್ದವು. ನಾನು ಬೆಳಿಗ್ಗೆ ಆಸ್ಪತ್ರೆ, ಆಮೇಲೆ ಲಾಡ್ಜು, ಸಂಜೆ ಮನೆಮನೆಯ ಸುತ್ತು. ನಮ್ಮವರು ಇಸ್ತ್ರಿ ಮೇಜಿಗೆ. ಅತ್ತೆ ಪಕ್ಕದಲ್ಲಿ ಕೂತು ಕಲಿಸುತ್ತಿದ್ದರು. "ಲೋ, ತೋಳನ್ನ ಮೊದಲು ಮುಗಿಸು. ಅದೇನು ಕುಸ್ತಿನಾ? ಕೈ ಹಗುರ ಬಿಡು." ಸ್ವಲ್ಪ ದಿನಕ್ಕೆ ಅವರ ಕೈ ಪಳಗಿತು. ಒಂದು ಮಧ್ಯಾಹ್ನ ಬಂದು ನೋಡಿದರೆ ಬಟ್ಟೆ ಕೊಡಲು ಬಂದ ನಿವೃತ್ತ ಮೇಷ್ಟ್ರು, ಎದುರು ಅಂಗಡಿಯ ಚಪ್ಪಲಿ ರಿಪೇರಿಯವನು ಇಬ್ಬರೂ ಸ್ಟೂಲು ಹಾಕಿಕೊಂಡು ಕೂತಿದ್ದಾರೆ, ಇವರು ಇಸ್ತ್ರಿ ತಳ್ಳುತ್ತಾ ಅವರಿಗೆ ಏನೋ ಕಥೆ ಹೇಳುತ್ತಿದ್ದಾರೆ, ಮೂವರೂ ನಗುತ್ತಿದ್ದಾರೆ. ಪ್ರತಿ ಸಂಜೆ ಮಂಡಿ ಹಿಡಿದುಕೊಂಡು ಮಹಡಿ ಹತ್ತುತ್ತಿದ್ದ ಮನುಷ್ಯ ಈಗ ಸರಾಗ ಹತ್ತುತ್ತಿದ್ದರು. ಕ್ಲಚ್ಚು ತುಳಿಯುವುದರಿಂದ ಮಂಡಿಗೆ ಬಿಡುವು ಸಿಕ್ಕಿತಲ್ಲ, ಇನ್ನು ಗಾಡಿಗೆ ಹೋಗಲು ತಯಾರಾಗುತ್ತಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ಕುಗ್ಗಿದೆ.

ಹೊರಗೆ ಮಾತ್ರ ಗೊಣಗಾಟ ಬಿಡಲಿಲ್ಲ. ಮೊದಲ ದಿನ ಸೊಂಟ ಎಂದಿದ್ದೆ, ಅದನ್ನು ಉಳಿಸಿಕೊಳ್ಳಬೇಕಲ್ಲ. ಒಂದು ದಿನ ಭುಜ, ಒಂದು ದಿನ ಮಂಡಿ, ಒಂದು ದಿನ ಧೂಳಿಗೆ ಗಂಟಲು. ನಾನು ಬಂದು ನಿಂತ ಕೂಡಲೇ ಅತ್ತೆ, "ಇವತ್ತು ಯಾವುದಮ್ಮಾ?" ಎಂದು ಕೇಳುವುದೇ ಅಭ್ಯಾಸವಾಯಿತು. ನಮ್ಮವರು ತಲೆ ತಗ್ಗಿಸಿ, "ಪಾಪ, ಇನ್ನು ಸ್ವಲ್ಪ ದಿನ ಕಣೆ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಗಾಡಿಗೆ ಮೂಟೆ ತುಂಬುತ್ತಿದ್ದಾಗ ಅಂಚೆಯವನು ಲಕೋಟೆ ತಂದು ನನ್ನ ಕೈಯಲ್ಲೇ ಇಟ್ಟ. ಮುಟ್ಟಿದರೆ ಒಳಗೆ ಗಟ್ಟಿ ಕಾರ್ಡು. ಅಂಗಡಿಯೊಳಗೆ ನಮ್ಮವರ ನಗು ಕೇಳಿಸುತ್ತಿತ್ತು. ಎರಡು ಹೆಜ್ಜೆ ಇಟ್ಟರೆ ಕೊಡಬಹುದಿತ್ತು. ನಾನು ಅದನ್ನು ಸ್ಟೇರಿಂಗಿನ ಪಕ್ಕದ ಡಬ್ಬಿಗೆ ಹಾಕಿ, ಸಂಜೆಯ ಸುತ್ತಿಗೆ ಹೊರಟುಬಿಟ್ಟೆ. ಆ ಸುತ್ತನ್ನು ನಿಧಾನ ಓಡಿಸಿದೆ. ಸೇತುವೆಯ ಮೇಲೆ ಹಿಂದಿನವರು ಹಾರ್ನ್ ಹೊಡೆಯುವಷ್ಟು ನಿಧಾನ.

ವಾಪಸ್ ಬಂದವಳೇ ಲಕೋಟೆ ಕೊಟ್ಟೆ. ನಮ್ಮವರು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, "ಬಂತಾ?" ಎಂದರು. ಫೋಟೋ ನೋಡಿ, "ಈ ಸಲ ಎರಡೂ ಕಿವಿ ಬಂದಿದೆ," ಎಂದರು. ಯಾರೂ ಜೋರಾಗಿ ನಗಲಿಲ್ಲ. ನಾನು ಗೂಳಿಯ ಬೀಗದ ಕೈಯನ್ನು ಗೋಡೆಯ ಮೊಳೆಗೆ ನೇತುಹಾಕಿದೆ. "ಅಂತೂ ನಿನ್ನ ಸೊಂಟಕ್ಕೆ ಬಿಡುಗಡೆ," ಎಂದು ಅವರು ಮತ್ತೆ ಇಸ್ತ್ರಿ ಹಿಡಿದರು. ಅತ್ತೆ ನಮ್ಮಿಬ್ಬರನ್ನೂ ಒಂದು ಸಲ ನೋಡಿ ಎದ್ದು ಹೋದರು.

ಮರುದಿನ ರಜೆ. ಮನೆಯ ಬಟ್ಟೆಯ ಮೂಟೆ ಮಷೀನಿನ ಮುಂದೆ ಬಂದು ಬಿದ್ದಿತ್ತು. ಎರಡು ಗಂಟು. ಕಿವಿಯ ಪ್ರಸಂಗ ಆದ ಮೇಲೆ ನಾನು ಅತ್ತೆಗೆ ಕಾಣದ ಹಾಗೆ ಎರಡು ಗಂಟಿನದನ್ನೂ ನೋಡುತ್ತಿದ್ದೆ. ಬಿಚ್ಚಿ, ನಮ್ಮವರ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಕಾರ್ಡು. ಹೊಚ್ಚ ಹೊಸ ಲೈಸೆನ್ಸು, ಎರಡು ಕಿವಿ ಸಮೇತ.

ಮೈಯೆಲ್ಲ ಉರಿದುಹೋಯಿತು. "ರೀ!" ಎಂದು ಕೂಗಿದ ಕೂಗಿಗೆ ಚಪ್ಪಲಿ ರಿಪೇರಿಯವನೂ ಇಣುಕಿ ನೋಡಿದನಂತೆ. "ಬಂದು ಒಂದು ದಿನ ಆಗಿಲ್ಲ, ಮತ್ತೆ ಜೇಬಲ್ಲೇ ಬಿಟ್ಟಿದ್ದೀರಲ್ಲ! ನಿಮ್ಮ ಕೈಗೆ ಬುದ್ಧಿ ಬರೋದು ಯಾವಾಗ?"

ಅವರು ಬಾಗಿಲಲ್ಲಿ ನಿಂತರು. ಮರೆತವರ ಮುಖ ನನಗೆ ಗೊತ್ತು, ವರ್ಷಗಳಿಂದ ನೋಡಿದ್ದೇನೆ. ಇದು ಆ ಮುಖವಲ್ಲ, ಸಿಕ್ಕಿಬಿದ್ದವರ ಮುಖ.

"ಬೇಕು ಅಂತ ಬಿಟ್ರಾ?" ಎಂದೆ.

ಅವರು ಕಿವಿ ಕೆರೆದುಕೊಂಡರು. "ಮೊದಲ ಸಲ ಅಲ್ಲ ಕಣೆ, ಅದು ನಿಜವಾಗ್ಲೂ ಮರೆತಿದ್ದು. ಈ ಸಲ... ಇನ್ನೊಂದು ಸಲ ಕಚೇರಿ, ಸ್ಟೇಷನ್ನು ಅಂತ ಅಲೆದ್ರೆ ಇನ್ನೂ ಸ್ವಲ್ಪ ದಿನ ಸಿಗುತ್ತಲ್ಲ ಅಂತ."

"ಏನಕ್ಕೆ ದಿನ?"

"ನಂಗೆ ಇಸ್ತ್ರಿ ಮೇಜು ಬಿಟ್ಟು ಏಳೋಕೆ ಮನಸ್ಸಿಲ್ಲ. ಇಲ್ಲಿ ಜನ ಬರ್ತಾರೆ, ಕೂತ್ಕೋತಾರೆ, ಮಾತಾಡ್ತಾರೆ. ಅಲ್ಲಿ ಆ ಗೂಳಿ ಜೊತೆ ಎಷ್ಟೂಂತ ಮಾತಾಡೋದು? ಮಂಡೀನೂ ನೋಯ್ತಿಲ್ಲ ಈಗ. ಆದ್ರೆ ನೀನು ದಿನಾ ಸೊಂಟ, ಭುಜ ಅಂತ ಒದ್ದಾಡ್ತಿರ್ವಾಗ ಯಾವ ಬಾಯಲ್ಲಿ ಹೇಳ್ಲಿ? ಲೈಸೆನ್ಸು ಕೈಯಲ್ಲಿಟ್ಕೊಂಡು ಹೆಂಡ್ತೀನ ದುಡಿಯೋಕೆ ಕಳಿಸಿದ ಅಂತ ನಂಗೇ ನಾಚಿಕೆ ಆಗಲ್ವಾ?"

ನಾನು ಒದ್ದೆ ನೆಲದ ಮೇಲೆ ಮೂಟೆಯ ಪಕ್ಕದಲ್ಲೇ ಕೂತುಬಿಟ್ಟೆ. "ನನ್ನ ಸೊಂಟಕ್ಕೆ ಏನೂ ಆಗಿಲ್ಲ ರೀ," ಎಂದೆ.

"ಭುಜಕ್ಕೂ ಆಗಿಲ್ಲ, ಗಂಟಲಿಗೂ ಆಗಿಲ್ಲ," ಎಂದು ಒಳಗಿನಿಂದ ಅತ್ತೆಯ ದನಿ ಬಂತು. "ದಿನಾ ಹಾಡು ಗುನುಗ್ತಾ ಬಂದು, ಹೊಸ್ತಿಲ ಹತ್ರ ನಿಲ್ಲಿಸಿ, ಆಮೇಲೆ ಸೊಂಟ ಹಿಡ್ಕೊಂಡು ಒಳಗೆ ಬರ್ತಿದ್ದಳು. ಇವನೋ, ಮೊನ್ನೆಯಿಂದ ಅಂಚೆಯವನ ಸೈಕಲ್ ಸದ್ದು ಕೇಳಿದ್ರೆ ಸಾಕು, ಬೆವರ್ತಿದ್ದ. ನೋಡೋಣ, ಯಾರು ಮೊದಲು ಬಾಯಿ ಬಿಡ್ತಾರೆ ಅಂತ ನಾನೂ ಸುಮ್ನಿದ್ದೆ."

ನಮ್ಮವರು ನನ್ನನ್ನೇ ನೋಡುತ್ತಿದ್ದರು. "ನಿಜವಾಗ್ಲೂ ಇಷ್ಟಾನಾ ನಿಂಗೆ? ಗೂಳಿ?"

"ಬಹಳ," ಎಂದೆ. ಆಮೇಲೆ ಕಾರ್ಡನ್ನು ಅವರ ಕೈಗಿಟ್ಟು, "ಅಲ್ರೀ, ಇದು ಪ್ಲಾಸ್ಟಿಕ್ ಕಾರ್ಡು. ಕುದಿಸಿದ್ರೂ ಏನೂ ಆಗಲ್ಲ ಅಂತ ಆ ಗುಮಾಸ್ತರು ಹೇಳ್ಲಿಲ್ವಾ? ನೀವು ಹತ್ತು ಸಲ ಒಗೆಸಿದ್ರೂ ಹೊಳೀತಾ ಹೊರಗೆ ಬರ್ತಿತ್ತು," ಎಂದೆ.

ಅವರು ಕಾರ್ಡನ್ನು ತಿರುಗಿಸಿ ನೋಡಿ, ಉಗುರಿನಿಂದ ಕೆರೆದು, "ಹೌದಾ?" ಎಂದರು. ಅವರ ಮುಖ ನೋಡಿ ಅತ್ತೆ ಮತ್ತೆ ಸೆರಗು ಬಾಯಿಗಿಟ್ಟುಕೊಂಡರು.

ಆ ಕಾರ್ಡನ್ನು ನಾನು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ, ಇಷ್ಟು ವರ್ಷ ನನ್ನದು ಮಲಗಿದ್ದ ಜಾಗದಲ್ಲೇ. ಅವಧಿ ಮುಗಿಯುವಾಗ ನವೀಕರಿಸಿ ತರುವ ಜವಾಬ್ದಾರಿ ನನ್ನದು ಎಂದು ಮಾತು ಕೊಟ್ಟಿದ್ದೇನೆ, ಬೇಕೆನಿಸಿದ ದಿನ ಅವರೂ ತೆಗೆದುಕೊಳ್ಳಲಿ.

ಮರುದಿನ ಬೆಳಿಗ್ಗೆ ಬೀಗದ ಕೈಯನ್ನು ಮೊಳೆಯಿಂದ ತೆಗೆದು ಅವರೇ ನನ್ನ ಕೈಗೆ ಕೊಟ್ಟರು. ಗಾಡಿಯ ಬಾಗಿಲನ್ನು ನಾನೇ ಮುಚ್ಚಿಕೊಳ್ಳಬಲ್ಲೆ ಎಂದು ಅವರಿಗೆ ಗೊತ್ತು, ಆದರೂ ಬಂದು ಹೊರಗಿನಿಂದ ಬಡಿದು ಹಾಕಿದರು. ಗೇರಿನ ಮಾತಿಲ್ಲ, ಇಳಿಜಾರಿನ ಮಾತಿಲ್ಲ. ನಾನು ಗಾಡಿ ಸ್ಟಾರ್ಟ್ ಮಾಡಿ ಕನ್ನಡಿ ನೋಡಿದಾಗ ರಸ್ತೆ ಖಾಲಿಯಿತ್ತು. ಅವರು ಆಗಲೇ ಒಳಗೆ ಹೋಗಿದ್ದರು, ಇಸ್ತ್ರಿ ಕಾದಿತ್ತು.